ಅಮ್ಮ ತಾನೇ ಓದಬಲ್ಲದ್ದು ಅಂಕಿ ಮಾತ್ರ

ಬೇರೆ ದೇಶಕ್ಕೆ ವಲಸೆ ಹೋದ ಕುಟುಂಬದ ತಾಯಿ-ಮಗಳು ಕೌನ್ಸೆಲಿಂಗ್‌ಗೆ ಬಂದರೆ ಜಗಳ ಶುರುವಾಗುವುದು ಹೆಚ್ಚುಕಮ್ಮಿ ಒಂದೇ ಥರ. "ಇವಳಿಗೋಸ್ಕರ ಎಲ್ಲಾ ಬಿಟ್ಟು ಬಂದೆ" ಅಂತ ಅಮ್ಮ. "ನಾನು ಕೇಳಿದ್ನಾ?" ಅಂತ ಮಗಳು. ಇಬ್ಬರ ಮಾತೂ ನಿಜ. ಅದಕ್ಕೇ ಆ ವಾದ ಮುಗಿಯುವುದಿಲ್ಲ.

ನಾನು ಬೇರೆಯದೇ ಕೇಳುತ್ತೇನೆ: ಮನೆಗೆ ಬರುವ ಕಾಗದ ಯಾರು ಓದುತ್ತಾರೆ? ಬಹಳ ಸಲ ಮಗಳೇ, ಯಾಕೆಂದರೆ ಆ ದೇಶದ ಭಾಷೆ ಅಮ್ಮನಿಗೆ ಬರುವುದಿಲ್ಲ. ಬ್ಯಾಂಕಿನ ಪತ್ರ, ಬಾಡಿಗೆ ಕರಾರು, ವಿಮೆಯವರ ಫೋನು, ಅಷ್ಟೇ ಯಾಕೆ, ಅಮ್ಮನ ಮುಟ್ಟಿನ ತೊಂದರೆಯನ್ನು ಡಾಕ್ಟರಿಗೆ ಬಿಡಿಸಿ ಹೇಳುವುದೂ ಹನ್ನೆರಡು-ಹದಿಮೂರರ ಈ ಹುಡುಗಿಯ ಪಾಲಿಗೇ ಬಂದಿರುತ್ತದೆ. ಮಧ್ಯಾಹ್ನವೆಲ್ಲ ದೊಡ್ಡವರ ಕೆಲಸ ಮಾಡಿ ಬಂದವಳಿಗೆ ಸಂಜೆ "ನಿಂಗೇನು ಗೊತ್ತಾಗುತ್ತೆ, ಓದ್ಕೋ ಹೋಗು" ಅಂದರೆ ಸಿಟ್ಟು ಬರದೇ ಇರುತ್ತಾ?

ಈಗ ಅಮ್ಮನ ಕಡೆ ನೋಡಿ. ಶಾಲೆಯಿಂದ ಬಂದ ಪ್ರೋಗ್ರೆಸ್ ಕಾರ್ಡಿನಲ್ಲಿ ಟೀಚರ್ ಅರ್ಧ ಪುಟ ಬರೆದಿರುತ್ತಾರೆ: ಚೆನ್ನಾಗಿ ಪ್ರಶ್ನೆ ಕೇಳುತ್ತಾಳೆ, ಗುಂಪಿನಲ್ಲಿ ಎಲ್ಲರನ್ನೂ ಸೇರಿಸಿಕೊಳ್ಳುತ್ತಾಳೆ, ಹೀಗೆಲ್ಲ. ಅದನ್ನು ಓದಿ ಹೇಳಬೇಕಾದವಳೂ ಮಗಳೇ. ಅಮ್ಮ ಯಾರ ಸಹಾಯವೂ ಇಲ್ಲದೆ ಓದಬಲ್ಲದ್ದು 92 ಅನ್ನೋ ಅಂಕಿ ಒಂದೇ. ಹಿಂದೆ ಇದೇ ಅಮ್ಮ ಹತ್ತಾರು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳಿರಬಹುದು. ಹೊಸ ದೇಶದಲ್ಲಿ ಅವಳು ಓದಿ ಪಡೆದ ಪದವಿಗೆ ಮಾನ್ಯತೆ ಸಿಕ್ಕಿರುವುದಿಲ್ಲ. ತನಗೆ ಗೊತ್ತಿದೆ, ತಾನು ಹೇಳಬಹುದು ಅನ್ನುವಂಥದ್ದು ಇಡೀ ಹೊಸ ಬದುಕಿನಲ್ಲಿ ಉಳಿದಿರುವುದು ಆ ಅಂಕಿಯ ವಿಷಯದಲ್ಲಿ ಮಾತ್ರ. ಹಾಗಾಗಿ ಅದನ್ನೇ ಹಿಡಿದುಕೊಳ್ಳುತ್ತಾಳೆ. "ಉಳಿದ ಎಂಟು ಎಲ್ಲಿ ಹೋಯ್ತು?"

ನಿರೀಕ್ಷೆ ಜಾಸ್ತಿ ಇರುವುದೇ ತಪ್ಪು ಅಂತ ನಾನು ಒಪ್ಪುವುದಿಲ್ಲ. ಸಂಶೋಧಕಿ ಸು ಯಂಗ್ ಕಿಮ್ ಮತ್ತು ಜೊತೆಯವರು ಅಮೆರಿಕದ 444 ಚೀನೀ ಮೂಲದ ಕುಟುಂಬಗಳನ್ನು ಎಂಟು ವರ್ಷ ಗಮನಿಸಿ 2013ರಲ್ಲಿ ಬರೆದರು. ಪ್ರೀತಿ ತೋರಿಸುತ್ತಾ, ಕಾರಣ ಹೇಳಿ ತಿದ್ದುವ ತಂದೆತಾಯಿಯ ಮಕ್ಕಳು ಓದಿನಲ್ಲೂ ಮುಂದಿದ್ದರು, ಮನಸ್ಸೂ ಗಟ್ಟಿಯಾಗಿತ್ತು. ಬಿಗಿ ಮಾಡಿ, ನಾಚಿಕೆಪಡಿಸಿ ಬೆಳೆಸಿದವರ ಮಕ್ಕಳ ಅಂಕವೂ ಇವರಿಗಿಂತ ಕಡಿಮೆ, ಖಿನ್ನತೆಯ ಲಕ್ಷಣವೂ ಜಾಸ್ತಿ. ಅಂದರೆ ಬೈದು ಅಂಕ ತರಿಸುತ್ತೇನೆ ಅನ್ನುವ ಲೆಕ್ಕವೇ ಕೂಡಿಬರುವುದಿಲ್ಲ.

"ಮಗಳ ಫ್ರೆಂಡ್ ಥರ ಇರಿ" ಅನ್ನುವ ಸಲಹೆ ನನಗೆ ಸುಮ್ನೆ ಮಾತು ಅನಿಸುತ್ತದೆ. ಮೊದಲು ದುಭಾಷಿ ಕೆಲಸದಿಂದ ಮಗಳನ್ನು ಬಿಡಿಸಿ. ಆಸ್ಪತ್ರೆಯಲ್ಲಿ ದುಭಾಷಿ ಬೇಕು ಅಂತ ಕೇಳಿ. ಅಮೆರಿಕದಲ್ಲಂತೂ 2016ರ ಒಂದು ನಿಯಮ, ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ನೆರವು ಪಡೆಯುವ ಆಸ್ಪತ್ರೆಗಳು ಮಕ್ಕಳಿಂದ ಅನುವಾದ ಮಾಡಿಸಬಾರದು ಅಂದಿತು. ನನ್ನ ಕೋಣೆಯಲ್ಲೂ ಅಷ್ಟೇ, ಮಗಳು ಅಮ್ಮನ ಮಾತು ಅನುವಾದ ಮಾಡಿ ಹೇಳುವಂತಿಲ್ಲ. ಆಮೇಲೆ ಅಮ್ಮ ದುಭಾಷಿಯ ಜೊತೆ ಹೋಗಿ ಟೀಚರನ್ನು ತಾನೇ ಮಾತಾಡಿಸಲಿ, ಆ ಅರ್ಧ ಪುಟದಲ್ಲಿ ಏನಿದೆ ಅಂತ ಕೇಳಲಿ.

ಒಂದು ಎಚ್ಚರಿಕೆ. ಮಗಳು ಊಟ-ನಿದ್ದೆ ಬಿಟ್ಟಿದ್ದರೆ, ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ, ಅಥವಾ ಮನೆಯಲ್ಲಿ ಏಟು ಬೀಳುತ್ತಿದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡಿ. ಮೊದಲು ಮಗಳನ್ನು ಒಬ್ಬಳನ್ನೇ ನೋಡಬೇಕು, ಅದೂ ತಡಮಾಡದೆ.