ಬೀಗ ಹಾಕಿದ ವಾರ್ಡಿನ ಬಾಗಿಲು ಎಷ್ಟು ಬೇಗ ತೆರೆಯುತ್ತದೆ?

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ ಮಾನಸಿಕ ಆಸ್ಪತ್ರೆಗಳು ಸಿ-3 ಅನ್ನುವ ಗುಂಪಿಗೆ ಸೇರುತ್ತವೆ. ಜೈಲುಗಳೂ ಅದೇ ಗುಂಪಿನಲ್ಲಿವೆ. ಬಾಗಿಲು ಹಾಕಿ ಜನರನ್ನು ಒಳಗಿಡುವ ಕಟ್ಟಡಕ್ಕೆ ಬೆಂಕಿ ಬಿದ್ದರೆ, ಒಳಗಿರುವವರು ತಾವಾಗಿಯೇ ಹೊರಬರಲಾರರು. ಆ ಮಟ್ಟಿಗೆ ಇದು ಸರಿಯೇ. ಆದರೆ ಕಟ್ಟಿಸುವವರ ತಲೆಯಲ್ಲೂ ಎರಡೂ ಒಂದೇ ಆಗಿಬಿಟ್ಟಿರುತ್ತವೆ. ಆಸ್ಪತ್ರೆ ಕಟ್ಟಡಗಳ ವಿನ್ಯಾಸ ನನ್ನ ಕೆಲಸ. ಮಾನಸಿಕ ಆರೋಗ್ಯದ ವಸತಿ ಕೇಂದ್ರ ಕಟ್ಟಿಸಬೇಕು ಅಂತ ಬರುವವರು ಮೊದಲು ಹೇಳುವುದು, "ಸಾರ್, ಕಾಂಪೌಂಡ್ ಎತ್ತರ ಇರಲಿ, ಗ್ರಿಲ್ ಗಟ್ಟಿ ಇರಲಿ, ಯಾರೂ ಓಡಿಹೋಗಬಾರದು." ನಾನು ಕೇಳುವುದು ಬೇರೆ. ರಾತ್ರಿ ಎರಡು ಗಂಟೆಗೆ ಬೆಂಕಿ ಬಿದ್ದರೆ, ಡ್ಯೂಟಿಯಲ್ಲಿರುವ ಇಬ್ಬರು ಎಲ್ಲರನ್ನೂ ಹೊರಗೆ ಕರೆತರುವುದು ಹೇಗೆ?

2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳ ಒಂದು ಖಾಸಗಿ ಆಶ್ರಯ ತಾಣದ ಚಪ್ಪರಕ್ಕೆ ಬೆಂಕಿ ಹತ್ತಿತು. ಅಲ್ಲಿದ್ದವರನ್ನು ಸರಪಳಿ ಹಾಕಿ ಕಟ್ಟಿದ್ದರು. 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮಿನ ಪ್ರಕಾರ, ಈಗ ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಆದರೆ ವಾರ್ಡಿಗೆ ಮೂರು ಬೀಗ, ಮೂರಕ್ಕೂ ಬೇರೆ ಬೇರೆ ಬೀಗದ ಕೈ, ಅದರಲ್ಲೊಂದು ಮನೆಗೆ ಹೋದ ಸೂಪರ್‌ವೈಸರ್ ಜೇಬಿನಲ್ಲಿ ಅಂದರೆ, ಅಲ್ಲಿ ಮಲಗಿರುವವರ ಪಾಡು ಏನಾಗಬೇಕು?

ಹಾಗಾಗಿ ನಾನು ಹಟ ಹಿಡಿಯುವುದು ಬೀಗದ ವಿಷಯದಲ್ಲಿ. ಇಡೀ ಕಟ್ಟಡದ ಹೊರದಾರಿಗಳಿಗೆಲ್ಲ ಒಂದೇ ಬೀಗದ ಕೈ ಆಗಬೇಕು. ಡ್ಯೂಟಿಯಲ್ಲಿರುವ ಪ್ರತಿಯೊಬ್ಬರ ಸೊಂಟದಲ್ಲೂ ಅದು ಇರಬೇಕು. ಹೊಗೆ ತುಂಬಿ ಕಣ್ಣು ಕಾಣದಿದ್ದರೂ ಕೈಗೆ ಗುರುತು ಸಿಗುವಂತೆ ಆ ಬೀಗದ ಕೈಯ ತಲೆಯ ಆಕಾರ ಬೇರೆ ಮಾಡಿಸಬೇಕು. ವಾರ್ಡಿಗೆ ಎರಡು ದಾರಿ, ಒಂದಕ್ಕೊಂದು ದೂರದಲ್ಲಿ.

ಈಗೀಗ ಎಲ್ಲರೂ ಕರೆಂಟಿನ ಮ್ಯಾಗ್ನೆಟಿಕ್ ಬೀಗ ಕೇಳುತ್ತಾರೆ. ಕರೆಂಟು ಹೋದರೆ, ಫೈರ್ ಅಲಾರಂ ಹೊಡೆದರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಕರೆಂಟು ಹೋಗುವುದು ನಮ್ಮಲ್ಲಿ ದಿನದ ಮಾತು, ಅಲ್ವಾ? ಒಂದು ಕೇಂದ್ರದಲ್ಲಿ, ಕರೆಂಟು ಹೋಗಿ ಜನರೇಟರ್ ಹತ್ತುವಷ್ಟರಲ್ಲಿ ಬಾಗಿಲು ತೆರೆದುಕೊಳ್ಳುತ್ತಿತ್ತು. ಬೇಸತ್ತ ಸೆಕ್ಯುರಿಟಿಯವರು ಹಿಡಿಗೆ ಸೈಕಲ್ ಚೈನು ಸುತ್ತಿ ಬೀಗ ಹಾಕಿದ್ದರು. ಅಷ್ಟು ದುಡ್ಡು ಸುರಿದ ಬೀಗ ಇದ್ದೂ ಇಲ್ಲದಂತಾಯಿತು. ಬೀಗಕ್ಕೆ ಬ್ಯಾಟರಿ ಬ್ಯಾಕಪ್ ಬೇಕೇ ಬೇಕು, ಆದರೆ ಅಲಾರಂ ಹೊಡೆದಾಗ ಆ ಬ್ಯಾಟರಿಯೂ ಕಡಿದುಹೋಗುವಂತೆ ವೈರಿಂಗ್ ಇರಬೇಕು. ಎಲೆಕ್ಟ್ರಿಷಿಯನ್ ಇದನ್ನು ಮಾಡಿದ್ದಾನೋ ಇಲ್ಲವೋ ಅಂತ ಎದುರಿಗೇ ನಿಂತು ಅಲಾರಂ ಒತ್ತಿ ನೋಡಬೇಕು. ಬಾಯಿಮಾತು ನಂಬಬಾರದು.

ಇನ್ನು ಬಾತ್‌ರೂಮು. ಆತ್ಮಹತ್ಯೆಯ ಅಪಾಯ ಜಾಸ್ತಿ ಇರುವುದೂ, ಮಾನ ಕಾಪಾಡಬೇಕಾದದ್ದೂ ಇಲ್ಲೇ. ಹಲವರು ಚಿಲಕವನ್ನೇ ಕಿತ್ತುಹಾಕುತ್ತಾರೆ. ಒಬ್ಬ ಹೆಣ್ಣುಮಗಳು ಚಿಲಕವಿಲ್ಲದ ಬಾಗಿಲ ಹಿಂದೆ ಸ್ನಾನ ಮಾಡುವುದು ಹೇಗೆ? ಖಾಸಗಿತನವೂ ರೋಗಿಯ ಹಕ್ಕು ಅಂತ ಇದೇ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಒಳಗಿನಿಂದ ಹಾಕಿಕೊಳ್ಳಬಹುದಾದ, ಹೊರಗಿನಿಂದ ಸಿಸ್ಟರ್ ತೆರೆಯಬಹುದಾದ ಲಾಕು ಅಂಗಡಿಯಲ್ಲೇ ಸಿಗುತ್ತದೆ. ಬಾಗಿಲು ಹೊರಗಡೆಗೆ ತೆರೆಯಬೇಕು. ಒಳಗೆ ಯಾರಾದರೂ ತಲೆಸುತ್ತಿ ಬಾಗಿಲಿಗೆ ಅಡ್ಡ ಬಿದ್ದರೆ, ಒಳಗಡೆಗೆ ತೆರೆಯುವ ಬಾಗಿಲನ್ನು ತಳ್ಳುವುದಕ್ಕೇ ಆಗುವುದಿಲ್ಲ. ಪೈಪುಗಳೆಲ್ಲ ಗೋಡೆಯೊಳಗೆ ಹೋಗಬೇಕು. ಬಟ್ಟೆ ಹಾಕುವ ಕೊಕ್ಕೆ ಭಾರ ಬಿದ್ದೊಡನೆ ಬಾಗಿ ಕಳಚಿಕೊಳ್ಳುವಂಥದ್ದಾಗಿರಬೇಕು. ನೆಲ ಜಾರಬಾರದು, ಯಾಕೆಂದರೆ ಕೆಲವು ಮಾತ್ರೆಗಳಿಗೆ ಮಂಪರು, ತೂರಾಟ ಇದ್ದೇ ಇರುತ್ತದೆ.

ಹೊರದೇಶದ ಪ್ಲಾನುಗಳನ್ನು ಹಾಗೇ ಇಳಿಸಿಕೊಳ್ಳುವ ಚಾಳಿಯೂ ನಮ್ಮಲ್ಲಿದೆ. ಅಮೆರಿಕದ ನಕ್ಷೆಗಳಲ್ಲಿ ರೋಗಿಯನ್ನು ಒಂಟಿಯಾಗಿ ಕೂಡಿಹಾಕುವ ಕೋಣೆ ಇರುತ್ತದೆ. ಇಲ್ಲಿ ಅದು ಕಾನೂನಿಗೇ ವಿರುದ್ಧ. ಏಕಾಂತದಲ್ಲಿ ಕೂಡಿಹಾಕುವಂತಿಲ್ಲ ಅಂತ 97ನೇ ಕಲಂ ನೇರವಾಗಿ ಹೇಳುತ್ತದೆ. ಆ ಜಾಗದಲ್ಲಿ ನಾನು ಬೀಗವಿಲ್ಲದ ಒಂದು ಶಾಂತ ಕೋಣೆ ಬರೆಯುತ್ತೇನೆ. ಮೆತ್ತನೆ ಕುರ್ಚಿ, ಮಂದ ಬೆಳಕು, ಹೊರಗೆ ಒಂದು ಗಿಡ ಕಾಣುವ ಕಿಟಕಿ. ಕಿಟಕಿಗೆ ಲ್ಯಾಮಿನೇಟೆಡ್ ಗಾಜು, ಒಡೆದರೂ ಚೂರು ಉದುರುವುದಿಲ್ಲ. ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯ ಬದಲು ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಳಗೇ ತೋಟ ಇರುವ ಕಟ್ಟಡ ಕಟ್ಟಿದರು. ಅಲ್ಲಿ ರೋಗಿಗಳನ್ನು ಕಟ್ಟಿಹಾಕಬೇಕಾದ ಸಂದರ್ಭಗಳು ಕಡಿಮೆಯಾದವು.

ಆ ಹೊರಗಿನ ನಕ್ಷೆಗಳಲ್ಲಿ ಇಲ್ಲದೇ ಇರುವುದು ಅಟೆಂಡರ್. ನಮ್ಮಲ್ಲಿ ಅಮ್ಮನೋ ಅಣ್ಣನೋ ಜೊತೆಗೇ ಬಂದು ಇರುತ್ತಾರೆ. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು 1950ರ ದಶಕದಲ್ಲೇ ಮನೆಯವರನ್ನು ಆಸ್ಪತ್ರೆಯ ಅಂಗಳದ ಡೇರೆಗಳಲ್ಲಿ ಇರಿಸಿಕೊಂಡು ಚಿಕಿತ್ಸೆ ಕೊಟ್ಟಿದ್ದರು. ರೋಗಿಗೆ ಮನೆಯವರು ದೊಡ್ಡ ಧೈರ್ಯ. ಆದರೆ ಪ್ಲಾನಿನಲ್ಲಿ ಅವರಿಗೆ ಜಾಗ ಕೊಡದಿದ್ದರೆ ಅವರು ಮಂಚದ ಕೆಳಗೆ ಮಲಗುತ್ತಾರೆ. ಅವರ ಬ್ಯಾಗು, ಪ್ಲಾಸ್ಟಿಕ್ ಕವರು, ಚಾರ್ಜರ್ ವೈರು, ಹಣ್ಣು ಕೊಯ್ಯುವ ಚಾಕು ಎಲ್ಲ ವಾರ್ಡಿನೊಳಗೆ ಬರುತ್ತವೆ. ವಾರ್ಡಿನ ಬಾಗಿಲಿಗೆ ಮುಂಚೆಯೇ ಅವರಿಗೆ ಒಂದೊಂದು ಲಾಕರ್, ಒಗೆದ ಬಟ್ಟೆ ಒಣಗಿಸುವ ಜಾಗ, ಫೋನ್ ಚಾರ್ಜ್ ಮಾಡುವ ಕಟ್ಟೆ ಕೊಟ್ಟು ನೋಡಿ. ಅರ್ಧ ತಪಾಸಣೆ ಜಗಳವಿಲ್ಲದೆ ಮುಗಿಯುತ್ತದೆ.

ಇದಕ್ಕೆಲ್ಲ ಹೊಸ ಕಟ್ಟಡವೇ ಬೇಕು ಅಂತಿಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು 2007ರಿಂದ ಒಂದು ತಪಾಸಣಾ ಪಟ್ಟಿ ಹಿಡಿದು ಮಾನಸಿಕ ವಾರ್ಡುಗಳನ್ನು ಕೋಣೆ ಕೋಣೆಯಾಗಿ ನೋಡತೊಡಗಿದವು. ಅಪಾಯದ ವಸ್ತು ಕಂಡಲ್ಲಿ ತೆಗೆದರು, ಬದಲಿಸಿದರು. ಪ್ರತಿ ಒಂದು ಲಕ್ಷ ದಾಖಲಾತಿಗೆ 2.64 ಇದ್ದ ಆತ್ಮಹತ್ಯೆಯ ಪ್ರಮಾಣ 0.87ಕ್ಕೆ ಇಳಿಯಿತು. ನಾನು ಹೀಗೆ ವಾರ್ಡ್ ನೋಡಲು ಹೋಗುವಾಗ ರಾತ್ರಿ ಪಾಳಿಯ ಆಯಾ ಒಬ್ಬರನ್ನು ಜೊತೆಗೆ ಕಳಿಸಿ ಅಂತ ಕೇಳುತ್ತೇನೆ. ಯಾವ ಮೂಲೆ ಕಣ್ಣಿಗೆ ಬೀಳುವುದಿಲ್ಲ, ಯಾವ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.