ಖಾಲಿ ಕೇಸಿಗೆ ಮತ್ತೆ ಮದ್ದು: ರಿವಾಲ್ವರ್ ತೋಟೆಯ ಹಳೇ ಕಥೆ

ಪಿಸ್ತೂಲು ಪ್ರತಿ ಗುಂಡಿಗೂ ಖಾಲಿ ಕೇಸನ್ನು ಪಕ್ಕಕ್ಕೆ ಎಸೆಯುತ್ತದೆ. ಬೇಕೆಂದರೆ ಬಗ್ಗಿ ಹುಡುಕಿಕೊಳ್ಳಬೇಕು. ರಿವಾಲ್ವರ್ ಹಾಗಲ್ಲ. ಕೇಸುಗಳು ತೋಟೆಯ ಕೋಣೆಗಳಿರುವ, ತಿರುಗುವ ಸಿಲಿಂಡರಿನಲ್ಲೇ ಕೂತಿರುತ್ತವೆ, ಹೊರಗೆ ತಳ್ಳಿದರೆ ನೇರ ಅಂಗೈಗೆ ಬರುತ್ತವೆ. ಒಂದು ತೋಟೆಯಲ್ಲಿ ಇರುವುದು ನಾಲ್ಕೇ: ಹಿತ್ತಾಳೆ ಕೇಸು, ಅದರ ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಮದ್ದು, ಗುಂಡು. ಹಾರಿಸಿದ ಮೇಲೆ ಮೂರು ಮುಗಿದವು. ಎಲ್ಲಕ್ಕಿಂತ ದುಬಾರಿಯಾದ ಕೇಸು ಮಾತ್ರ ಉಳಿಯಿತು. ಅದನ್ನು ಬಿಸಾಡಲು ಮನಸ್ಸಾಗದವರು ಬೆಳೆಸಿದ್ದೇ ಹ್ಯಾಂಡ್‌ಲೋಡಿಂಗ್, ಅಂದರೆ ಖಾಲಿ ಕೇಸಿಗೆ ಉಳಿದ ಮೂರನ್ನೂ ಕೈಯಾರೆ ಮತ್ತೆ ತುಂಬುವ ಹವ್ಯಾಸ. ಇದರ ತವರು ಅಮೆರಿಕ.

ಮೊದಲು ಇದು ಹವ್ಯಾಸವೇ ಆಗಿರಲಿಲ್ಲ. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದ ಪೇಟೆಂಟ್ ಪಡೆದಾಗ ತೋಟೆ ಎಂಬುದೇ ಅದಕ್ಕೆ ಇರಲಿಲ್ಲ. ಸಿಲಿಂಡರಿನ ಒಂದೊಂದು ಕೋಣೆಗೂ ಮದ್ದು ಸುರಿದು, ಸೀಸದ ಗುಂಡು ಒತ್ತಿ, ಹಿಂದೆ ಕಿಡಿ ಕೊಡುವ ಪುಟ್ಟ ಕ್ಯಾಪ್ ಸಿಕ್ಕಿಸಬೇಕಿತ್ತು. ಸೀಸ ಕರಗಿಸಿ ಹೊಯ್ಯುವ ಅಚ್ಚು ರಿವಾಲ್ವರಿನ ಪೆಟ್ಟಿಗೆಯಲ್ಲೇ ಬರುತ್ತಿತ್ತು.

1857ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಲೋಹದ ತೋಟೆ ಹಾಕುವ ಪುಟ್ಟ .22 ರಿವಾಲ್ವರ್ ತಂದಿತು (ಇಂಥ ಅಂಕಿ ಗುಂಡಿನ ಅಡ್ಡಳತೆ, ಸುಮಾರಾಗಿ ಇಂಚಿನಲ್ಲಿ). ಸಿಲಿಂಡರನ್ನು ಆರಪಾರ ಕೊರೆಯುವ ಪೇಟೆಂಟ್ ರಾಲಿನ್ ವೈಟ್ ಎಂಬಾತನದ್ದು. ಆತ ಹಿಂದೆ ಕೋಲ್ಟ್ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದವನು! 1869ರಲ್ಲಿ ಪೇಟೆಂಟ್ ಮುಗಿಯುವ ತನಕ ಕೋಲ್ಟ್ ಕಂಪನಿ ಕಾಯಬೇಕಾಯಿತು. ಆದರೆ ಆ .22 ತೋಟೆಯ ಕಿಡಿಮದ್ದು ಕೇಸಿನ ಅಂಚಿನೊಳಗೇ ಇರುತ್ತದೆ. ರಿವಾಲ್ವರಿನ ಸುತ್ತಿಗೆ ಬಿದ್ದರೆ ಅಂಚು ಜಜ್ಜಿ ಹೋಗುತ್ತದೆ. ಮತ್ತೆ ತುಂಬುವ ಮಾತೇ ಇಲ್ಲ.

ದಾರಿ ತೆರೆದದ್ದು ಪ್ರೈಮರನ್ನು ತಳದ ನಡುವೆ ಇಟ್ಟಾಗ. 1866ರಲ್ಲಿ ಇಬ್ಬರು ಬೇರೆ ಬೇರೆಯಾಗಿ ಪೇಟೆಂಟ್ ಪಡೆದರು: ಅಮೆರಿಕದ ಹೈರಮ್ ಬರ್ಡನ್, ಬ್ರಿಟನ್ನಿನ ಎಡ್ವರ್ಡ್ ಬಾಕ್ಸರ್. ಬಾಕ್ಸರ್ ಕೇಸಿಗೆ ನಡುವೆ ಒಂದೇ ತೂತು. ಒಂದು ಕಡ್ಡಿ ತೂರಿಸಿದರೆ ಹಳೇ ಪ್ರೈಮರ್ ಹೊರಬೀಳುತ್ತದೆ. ಬರ್ಡನ್ ಕೇಸಿನಲ್ಲಿ ತೂತುಗಳು ಪಕ್ಕಕ್ಕಿವೆ, ತೆಗೆಯುವುದು ರಗಳೆ. ತಮಾಷೆ ನೋಡಿ, ಬ್ರಿಟಿಷನ ಪ್ರೈಮರ್ ಅಮೆರಿಕದಲ್ಲಿ ನೆಲೆಸಿತು, ಅಮೆರಿಕನ್ನನದು ಯುರೋಪಿಗೆ ಹೋಯಿತು. ಅಮೆರಿಕದಲ್ಲಿ ಈ ಹವ್ಯಾಸ ಇಷ್ಟು ಬೇರೂರಲು ಆ ಒಂದು ತೂತು ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ.

1873ರಲ್ಲಿ .45 ಕೋಲ್ಟ್ ತೋಟೆ ಬಂತು. ಅಂಗಡಿಯೇ ದೂರವಿದ್ದ ಪಶ್ಚಿಮದ ಬಯಲಲ್ಲಿ ಖಾಲಿ ಕೇಸಿಗೆ ಬೆಲೆ ಇತ್ತು. 1884ರಲ್ಲಿ ಜಾನ್ ಬಾರ್ಲೋ ಶುರುಮಾಡಿದ ಐಡಿಯಲ್ ಕಂಪನಿ ಕೇಸಿಗೆ ಮತ್ತೆ ತುಂಬಲು ಇಕ್ಕಳದ ಹಾಗಿದ್ದ ಕೈಸಾಧನ ಮಾರಿತು. ಜೇಬಿಗೆ ಹಿಡಿಯುವ ಕಾರ್ಖಾನೆ ಅನ್ನಿ.

ಅದೇ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆ ಬಾರದ ಮದ್ದು ಕಂಡುಹಿಡಿದ. ಆಟದ ನಿಯಮವೇ ಬದಲಾಯಿತು. ಕಪ್ಪು ಮದ್ದಿನ ಕಾಲದಲ್ಲಿ ಕೇಸು ತುಂಬ ಸುರಿದರೂ ನಡೆಯುತ್ತಿತ್ತು. ಹೊಸ ಮದ್ದು ಸಾಕಾಗುವುದು ತೀರಾ ಸ್ವಲ್ಪ. ಹಳೇ ಕಾಲದ ಉದ್ದ ಕೇಸಿನಲ್ಲಿ ಅದು ತಳ ಮುಚ್ಚಿದರೆ ಹೆಚ್ಚು. ಮರೆತು ಎರಡು ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ, ಗೊತ್ತೇ ಆಗುವುದಿಲ್ಲ. ಸಿಲಿಂಡರ್ ಒಡೆದ ಕಥೆಗಳಲ್ಲಿ ಪದೇ ಪದೇ ಬರುವ ತಪ್ಪು ಇದು. ಅಳತೆಯನ್ನು ಪರೀಕ್ಷಿಸಿ ಅಚ್ಚು ಹಾಕಿಸಿದ ಕೈಪಿಡಿಗಳು ಇಲ್ಲದೆ ಈ ಹವ್ಯಾಸ ಬದುಕುತ್ತಿರಲಿಲ್ಲ.

ರಿವಾಲ್ವರಿಗೆ ಇನ್ನೊಂದು ಗುಣ ಇದೆ. ಪಿಸ್ತೂಲು ಮುಂದಿನ ತೋಟೆ ಎಳೆದುಕೊಳ್ಳಲು ಹಿಂದಿನದರ ಬಲವನ್ನೇ ನಂಬಿದೆ. ತೋಟೆ ಮೆತ್ತಗಾದರೆ ಸಿಕ್ಕಿಕೊಳ್ಳುತ್ತದೆ. ರಿವಾಲ್ವರಿನ ಸಿಲಿಂಡರನ್ನು ತಿರುಗಿಸುವುದು ಬೆರಳು. ಹಾಗಾಗಿ 1898ರ .38 ಸ್ಪೆಷಲ್ ಗುರಿಕಾರರ ನೆಚ್ಚಿನ ತೋಟೆಯಾಯಿತು. ಚಪ್ಪಟೆ ಮೂತಿಯ ಸೀಸದ ಗುಂಡು, ಕಡಿಮೆ ಮದ್ದು, ಕಾಗದದಲ್ಲಿ ದುಂಡನೆಯ ತೂತು, ಕೈಗೆ ನೋವಿಲ್ಲ.

ಎಲ್ಲರಿಗೂ ಮೆತ್ತಗಿನದೇ ಬೇಕಿತ್ತು ಅಂತಲ್ಲ. ಐಡಹೋದಲ್ಲಿ ಬದುಕಿದ ಎಲ್ಮರ್ ಕೀತ್‌ಗೆ ಬಲ ಬೇಕಿತ್ತು. .45ರಲ್ಲಿ ಪ್ರಯೋಗ ಮಾಡಿ ರಿವಾಲ್ವರ್ ಒಡೆದುಕೊಂಡ ಮೇಲೆ ಸಿಲಿಂಡರಿನ ಗೋಡೆ ದಪ್ಪ ಉಳಿಯುವ .44 ಸ್ಪೆಷಲ್‌ಗೆ ಹೊರಳಿದ. ಭಾರದ ಗುಂಡನ್ನು ತಾನೇ ರೂಪಿಸಿ, ವರ್ಷಗಟ್ಟಲೆ ಬರೆದು ಕಂಪನಿಗಳನ್ನು ಕಾಡಿದ. 1935ರ .357 ಮ್ಯಾಗ್ನಮ್ ಎಂಬ ಹೆಚ್ಚು ಬಲದ ತೋಟೆಯ ಹಿಂದೆ ಫಿಲಿಪ್ ಶಾರ್ಪ್ ಜೊತೆ ಅವನ ಪ್ರಯೋಗಗಳೂ ಇದ್ದವು. 1956ರ ಹೊತ್ತಿಗೆ .44 ಮ್ಯಾಗ್ನಮ್ ಮಾರುಕಟ್ಟೆಗೆ ಬಂತು. ಮನೆಯ ಮೇಜಿನ ಮೇಲೆ ಹುಟ್ಟಿದ್ದನ್ನು ಕಾರ್ಖಾನೆ ಆಮೇಲೆ ನಕಲು ಮಾಡಿತು, ಅಲ್ವಾ?

ಎರಡನೇ ಮಹಾಯುದ್ಧ ಮುಗಿದಾಗ ಬ್ರೂಸ್ ಹಾಜ್‌ಡನ್ ಸೇನೆಯಲ್ಲಿ ಮಿಕ್ಕ ಮದ್ದನ್ನು ಕೊಂಡು ಹವ್ಯಾಸಿಗಳಿಗೆ ಅಗ್ಗಕ್ಕೆ ಮಾರಿದ. ತುಂಬುವ ಸಾಧನಗಳ ಕಂಪನಿ ಆರ್‌ಸಿಬಿಎಸ್ ಶುರುವಾದದ್ದು ಇನ್ನೂ ಮಜಾ. ಫ್ರೆಡ್ ಹಂಟಿಂಗ್ಟನ್‌ನ ಮೊದಲ ಯಂತ್ರ ಖಾಲಿ .22 ಕೇಸುಗಳನ್ನು ಒತ್ತಿ ರೈಫಲ್ ಗುಂಡಿನ ಹೊದಿಕೆ ಮಾಡುತ್ತಿತ್ತು. ಮತ್ತೆ ತುಂಬಲಾಗದ ಅದೇ .22! ಆಮೇಲೆ ರಿಚರ್ಡ್ ಲೀ ತಂದ, ಕೇಸು ತುಂಬುವ ಸಣ್ಣ ಕಿಟ್‌ಗೆ ಯಂತ್ರವೂ ಬೇಡ, ಒಂದು ಸುತ್ತಿಗೆ ಸಾಕು.

1968ರ ಗನ್ ಕಂಟ್ರೋಲ್ ಕಾಯ್ದೆ ತೋಟೆಯ ವ್ಯಾಪಾರಕ್ಕೆ ಲೈಸೆನ್ಸು, ದಾಖಲೆ ಎಲ್ಲ ತಂದಿತು. 1986ರಲ್ಲಿ ದಾಖಲೆಯ ಹೊರೆ ಬಹುಪಾಲು ಇಳಿಯಿತು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸ್ವಂತಕ್ಕೆ ತುಂಬಿಕೊಳ್ಳಲು ತಯಾರಕರ ಲೈಸೆನ್ಸು ಬೇಡ, ಮಾರಾಟಕ್ಕೆ ತಯಾರಿಸಿದರೆ ಬೇಕು.

2020ರಲ್ಲಿ ಅಲ್ಲಿ ತೋಟೆ ಅಂಗಡಿಯಿಂದ ಮಾಯವಾದಾಗ ಹವ್ಯಾಸಿಗಳೂ ಬಚಾವಾಗಲಿಲ್ಲ. ಸೀಸ ಇತ್ತು, ಕೇಸು ಡಬ್ಬಿಗಟ್ಟಲೆ ಇತ್ತು, ಪ್ರೈಮರ್ ಸಿಗಲಿಲ್ಲ. ಕೋಲ್ಟ್ ಕಾಲದವನೂ ಸೀಸದ ಗುಂಡು ತಾನೇ ಹೊಯ್ದುಕೊಂಡು, ಕ್ಯಾಪಿಗೆ ಅಂಗಡಿಗೇ ಹೋಗುತ್ತಿದ್ದ.