ಕೂಸಿನ ಥೈಮಸ್ ದೊಡ್ಡದಿದ್ದರೆ ಗಾಬರಿ ಯಾಕೆ?

ಸೇಡಂ, ಶಹಾಪುರ ಕಡೆಯಿಂದ ಕೂಸನ್ನು ಎತ್ತಿಕೊಂಡು ಕಲಬುರಗಿಗೆ ತೋರಿಸಲು ಬರುತ್ತಾರೆ. ಕೆಮ್ಮು ಅಂತ ಎಕ್ಸ್‌ರೇ ತೆಗೆಸುತ್ತಾರೆ. ಎದೆಯ ನಡುವೆ ಬಿಳಿ ನೆರಳು ಅಗಲವಾಗಿ ಕಂಡರೆ ಸಾಕು, ಪಕ್ಕದಲ್ಲಿ ಕೂತವರು ಯಾರೋ 'ಹಾರ್ಟ್ ದೊಡ್ಡದಾಗ್ಯಾದ' ಅಂದುಬಿಡುತ್ತಾರೆ. ಎಷ್ಟೋ ಸಲ ಅದು ಬರೀ ಥೈಮಸ್ ಗ್ರಂಥಿ. ಡಾಕ್ಟರು ಹಾಗೆ ಹೇಳಿದರೆ ನಂಬಿ. ಆ ವಯಸ್ಸಿಗೆ ಅದು ದೊಡ್ಡದಾಗಿಯೇ ಇರುತ್ತದೆ.

ಎದೆಮೂಳೆಯ ಹಿಂದೆ, ಹೃದಯದ ದೊಡ್ಡ ರಕ್ತನಾಳಗಳ ಮುಂದೆ ಅದರ ಜಾಗ. ಎರಡು ಹಾಲೆಗಳು, ಮೇಲೊಂದು ತೆಳು ಪೊರೆ. ಪೊರೆಯಿಂದ ಗೋಡೆಗಳು ಒಳಗಿಳಿದು ಗ್ರಂಥಿಯನ್ನು ಒಂದೆರಡು ಮಿಲಿಮೀಟರಿನ ಕೋಣೆಗಳಾಗಿ ಒಡೆಯುತ್ತವೆ. ಆದರೆ ಗೋಡೆಗಳು ನಡುವಿನವರೆಗೂ ಹೋಗುವುದಿಲ್ಲ, ಹಾಗಾಗಿ ಎಲ್ಲ ಕೋಣೆಗಳ ಒಳತಿರುಳು ಒಂದಕ್ಕೊಂದು ಸೇರಿಕೊಂಡೇ ಇರುತ್ತದೆ. ಹೊರಪದರದಲ್ಲಿ ರೋಗದ ವಿರುದ್ಧ ಹೋರಾಡುವ ಟಿ ಜೀವಕೋಶಗಳು ಇನ್ನೂ ಎಳೆಯವಾಗಿ ಕಿಕ್ಕಿರಿದಿರುತ್ತವೆ. ಒಳತಿರುಳು ಸ್ವಲ್ಪ ತಿಳಿ, ಅಲ್ಲಲ್ಲಿ ಹ್ಯಾಸಲ್ ಕಾಯ ಎಂಬ ಸಣ್ಣ ಉಂಡೆಗಳು.

ಮೂಳೆಯೊಳಗಿನ ಮಜ್ಜೆಯಿಂದ ಬಂದ ಈ ಜೀವಕೋಶಗಳಿಗೆ ಹೊರಪದರದಲ್ಲಿ ಮೊದಲ ಪರೀಕ್ಷೆ: ನಮ್ಮ ದೇಹದ ಗುರುತು ಓದಲು ಬರುತ್ತದಾ? ಬರದಿದ್ದರೆ ಅಲ್ಲೇ ಸಾವು. ಪಾಸಾದವು ಒಳತಿರುಳಿಗೆ ಇಳಿಯುತ್ತವೆ. ನನಗೆ ತುಂಬ ಇಷ್ಟವಾದ ಸಂಗತಿ ಇರುವುದು ಇಲ್ಲಿ. ಇಲ್ಲಿನ ಕೆಲವು ಜೀವಕೋಶಗಳು ಎದೆಯಲ್ಲಿ ಕೂತುಕೊಂಡೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುತ್ತವೆ, ಬೇರೆ ಅಂಗಗಳ ಪ್ರೋಟೀನುಗಳನ್ನೂ ಚೂರುಚೂರು ಮಾಡಿ ತೋರಿಸುತ್ತವೆ. ಏರ್ ಎಂಬ ಜೀನ್ ಇದನ್ನು ಮಾಡಿಸುತ್ತದೆ. ನಮ್ಮದೇ ಸರಕಿನ ಮೇಲೆ ಜೋರಾಗಿ ಎರಗುವ ಟಿ ಕೋಶವನ್ನು ಹೆಚ್ಚಾಗಿ ಅಲ್ಲೇ ಮುಗಿಸಿಬಿಡಲಾಗುತ್ತದೆ. ಕೊನೆಗೆ ನೂರಕ್ಕೆ 95ಕ್ಕಿಂತ ಜಾಸ್ತಿ ಸಾಯುತ್ತವೆ. ನಮ್ಮ ದಾಲ್ ಮಿಲ್‌ನಲ್ಲಿ ಇಷ್ಟು ತೊಗರಿ ಕಸಕ್ಕೆ ಹೋದರೆ ಮಾಲೀಕ ಮರುದಿನವೇ ಬೀಗ ಹಾಕುತ್ತಾನೆ, ಅಲ್ವಾ?

ಈ ಕೆಲಸ ಗೊತ್ತಾಗಿದ್ದು 1961ರಲ್ಲಿ. ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಆಗ ತಾನೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಅವುಗಳ ರೋಗನಿರೋಧಕ ಶಕ್ತಿಯೇ ಕುಸಿಯಿತು.

ಅದಕ್ಕೂ ಮುಂಚೆ ನಡೆದದ್ದು ಮಾತ್ರ ಕೇಳಬಾರದು. ವೈದ್ಯರು ಕೊಯ್ದು ನೋಡುತ್ತಿದ್ದುದು ಹೆಚ್ಚಾಗಿ ಬಡವರ ಹೆಣಗಳನ್ನು. ಹಸಿವು, ದೀರ್ಘ ಕಾಯಿಲೆ ಬಂದರೆ ಥೈಮಸ್ ಬೇಗ ಸೊರಗುತ್ತದೆ. ಆ ಸೊರಗಿದ್ದನ್ನೇ ಸರಿಯಾದ ಅಳತೆ ಅಂದುಕೊಂಡರು. ಹಠಾತ್ತಾಗಿ ಸತ್ತ ಗಟ್ಟಿ ಕೂಸುಗಳಲ್ಲಿ ಅದು ದೊಡ್ಡದಾಗಿ ಕಂಡಿತು, ಸಾವಿಗೆ ಅದೇ ಕಾರಣ ಅಂದುಕೊಂಡರು. 1889ರಲ್ಲಿ ವಿಯೆನ್ನಾದ ವೈದ್ಯ ಪಾಲ್ಟೌಫ್ ಇದಕ್ಕೊಂದು ರೋಗದ ಹೆಸರೂ ಇಟ್ಟರು. 1907ರಿಂದ ಅಮೆರಿಕದಲ್ಲಿ ಥೈಮಸ್ ಕುಗ್ಗಿಸಲು ಕೂಸುಗಳ ಎದೆಗೆ ವಿಕಿರಣ ಕೊಡತೊಡಗಿದರು, ಮುಂದೆ ಆರೋಗ್ಯವಂತ ಕೂಸುಗಳಿಗೂ ಕೊಟ್ಟರು. ಅವರಲ್ಲಿ ಹಲವರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು.

ಈಗ ವಾಟ್ಸಾಪ್‌ನಲ್ಲಿ ಇನ್ನೊಂದು ಸುರುವಾಗಿದೆ: ದಿನಾ ಎದೆ ಕುಟ್ಟಿಕೊಂಡರೆ ಥೈಮಸ್ ಎಚ್ಚರಗೊಳ್ಳುತ್ತದಂತೆ! ಹುಟ್ಟುವಾಗ ಸುಮಾರು 10-15 ಗ್ರಾಂ ಇರುವ ಗ್ರಂಥಿ ಹರೆಯದ ಹೊತ್ತಿಗೆ 30-40 ಗ್ರಾಂ ಆಗಿ, ಆಮೇಲೆ ನಿಧಾನಕ್ಕೆ ಕೊಬ್ಬಾಗುತ್ತಾ ಹೋಗುತ್ತದೆ. ಅರವತ್ತರ ಅಜ್ಜ ಸುಮ್ನೆ ಮೂಳೆ ಕುಟ್ಟಿಕೊಳ್ಳುತ್ತಾರೆ, ಅದರ ಹಿಂದೆ ಇರುವುದು ಬಹುಪಾಲು ಕೊಬ್ಬು.